ಮೂಲೆ ಹಿಡಿದ ಮೀನು

ನಮ್ಮ ಮನೆಯ ಮೀನಿನ ತೊಟ್ಟಿ 2 ಅಡಿ ಉದ್ದದ್ದು. ಅಗಲ, ಎತ್ತರ ಒಂದೊಂದಡಿ. ಕುಡಿಯುವ ನೀರಿನ ಕ್ಯಾನಿನ ಲೆಕ್ಕದಲ್ಲಿ ಎರಡೂವರೆ ಕ್ಯಾನ್ ಹಿಡಿಯುತ್ತದೆ. ರಾಯಚೂರಿನ ತೀನ್ ಕಂದೀಲ್ ಕಡೆಯಿಂದ ಆಟೋದಲ್ಲಿ, ತೊಡೆಯ ಮೇಲಿಟ್ಟುಕೊಂಡು, ಪ್ರತಿ ತಗ್ಗಿಗೂ ಉಸಿರು ಬಿಗಿಹಿಡಿದು ತಂದದ್ದು. ಅದರೊಳಗೆ ಎರಡು ಏಂಜೆಲ್, ಎರಡು ಟೈಗರ್ ಬಾರ್ಬ್, ನಾಲ್ಕು ಗಪ್ಪಿ, ಗಾಜಿಗೆ ಬಾಯಿ ಹಚ್ಚಿಕೊಂಡೇ ಇರುವ ಒಂದು ಸಕ್ಕರ್. ನಟ್ಟನಡುವೆ ನಾನೇ ಇಷ್ಟಪಟ್ಟು ಕೊಂಡ ಪಿಂಗಾಣಿ ಕೋಟೆ. ಊರಲ್ಲಿ ಅಷ್ಟು ದೊಡ್ಡ ಕೋಟೆ ಇದ್ದೂ ಮನೆಯೊಳಗೊಂದು ಯಾಕೆ ಬೇಕಿತ್ತೋ, ಇರಲಿ.

ತಂದ ವಾರದಲ್ಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ಇಷ್ಟೆಲ್ಲ ಜಾಗ ಬಿದ್ದಿದ್ದರೂ ಏಂಜೆಲ್‌ಗಳೆರಡೂ ಹಿಂಬದಿಯ ಎಡಮೂಲೆಯಲ್ಲಿ, ಪ್ಲಾಸ್ಟಿಕ್ ಗಿಡದ ಹಿಂದೆ ಒತ್ತಿಕೊಂಡು ನಿಂತಿರುತ್ತಿದ್ದವು. ಕೋಟೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. “ಸೀಟ್ ಹಿಡ್ಕೊಂಡಾವಪಾ, ದೇವದುರ್ಗ ಬಸ್ಸಿನ್ಯಾಗ ಟವಲ್ ಒಗದಂಗ” ಎಂದಳು ಮಗಳು. ಅಂಗಡಿಯವನಿಗೆ ಫೋನ್ ಮಾಡಿದೆ. “ಹೊಸಾವು ಸರ್, ಅಡ್ಜಸ್ಟ್ ಆಗ್ತಾವು” ಅಂದ.

ಅವನು ಹೇಳಿದ್ದು ಸುಳ್ಳೇನಲ್ಲ. ಹೊಸ ತೊಟ್ಟಿಗೆ ಬಿಟ್ಟ ಮೀನು ಮೊದಲು ತಳಕ್ಕಿಳಿಯುತ್ತದೆ, ಗೋಡೆ ಹಿಡಿಯುತ್ತದೆ. ಧೈರ್ಯ ಬಂದಷ್ಟು ಮೇಲೇರುತ್ತದೆ, ನಡುವಿಗೆ ಬರುತ್ತದೆ. ನಮ್ಮ ದೇಶದ ಹಳ್ಳಕೊಳ್ಳಗಳದೇ ಆದ, ಮೈಮೇಲೆ ನೀಲಿ ಗೆರೆಗಳ ಜೀಬ್ರಾ ಮೀನನ್ನು ಪ್ರಯೋಗಾಲಯಗಳಲ್ಲಿ ಹೀಗೆಯೇ ಪರೀಕ್ಷಿಸುತ್ತಾರೆ. ಹೊಸ ತೊಟ್ಟಿಗೆ ಬಿಟ್ಟು, ಅದು ತಳದಲ್ಲಿ ಎಷ್ಟು ಹೊತ್ತು ಕಳೆಯಿತು, ಮೇಲಕ್ಕೆ ಎಷ್ಟು ಸಲ ಬಂತು ಎಂದು ನಿಮಿಷಗಳಲ್ಲಿ ಎಣಿಸಿದರೆ ಮೀನಿನ ಭಯಕ್ಕೊಂದು ಅಳತೆ ಸಿಕ್ಕಂತೆ. ಭಯ ತಗ್ಗಿಸುವ ಔಷಧ ಕೊಟ್ಟ ಮೀನು ಬೇಗ ಮೇಲೆ ಬರುತ್ತದೆ. ಮನುಷ್ಯರ ಕಳವಳಕ್ಕೆ ಮಾತ್ರೆ ಹುಡುಕುವವರು ಬೆರಳುದ್ದವೂ ಇಲ್ಲದ ಮೀನು ಎಲ್ಲಿ ನಿಂತಿದೆ ಎಂದು ನೋಡುತ್ತಾ ಕೂರುತ್ತಾರೆ.

ನಾನೂ ಕೂತು ನೋಡಿದೆ. ನಿಮಿಷಗಳೇನು, ತಿಂಗಳೇ ಕಳೆಯಿತು. ಏಂಜೆಲ್‌ಗಳು ಮೂಲೆ ಬಿಡಲಿಲ್ಲ.

ಗೂಗಲ್ ಕಡೆಯ ಹಿರಿಯರೊಬ್ಬರು ನಮಗೆ ಪರಿಚಯ. ಗೂಗಲ್ ಎಂದರೆ ಊರು, ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗಿದೆ, ಅಲ್ಲೊಂದು ಬ್ಯಾರೇಜೂ ಇದೆ. ಫೋನಿನೊಳಗಿನ ಗೂಗಲ್‌ಗಿಂತ ಎಷ್ಟೋ ಹಳೆಯದು. ಇವರು ಬಲೆ ಬೀಸುತ್ತಲೇ ವಯಸ್ಸು ಕಳೆದವರು. ಮೇ ತಿಂಗಳಲ್ಲಿ ಮೊಮ್ಮಗನ ಆಸ್ಪತ್ರೆ ಕೆಲಸಕ್ಕೆ ಊರಿಗೆ ಬಂದವರು ಮಧ್ಯಾಹ್ನ ನಮ್ಮಲ್ಲಿ ಊಟ ಮಾಡಿ ತೊಟ್ಟಿಯ ಮುಂದೆ ಕೂತರು. ಬಂದವರೆಲ್ಲ ಮೀನು ನೋಡುತ್ತಾರೆ, ಗಾಜಿಗೆ ಬೆರಳು ಬಡಿಯುತ್ತಾರೆ, ಬಣ್ಣ ಚೆನ್ನಾಗಿದೆ ಎನ್ನುತ್ತಾರೆ. ಇವರು ಮೀನನ್ನು ಆಮೇಲೆ ನೋಡಿದರು. ಮೊದಲು ಅಂಗೈಯನ್ನು ಗಾಜಿನ ಎಡಗೋಡೆಗಿಟ್ಟರು, ಮೆಲ್ಲಗೆ ತೆಗೆದು ಬಲಗೋಡೆಗಿಟ್ಟರು. “ಈ ಕಡಿ ಕಾಯಕತ್ತೈತಲ್ರಿ” ಎಂದರು.

ತೊಟ್ಟಿಯ ಬಲಕ್ಕೆ ಪಡುವಣ ಕಿಟಕಿ. ಮೂರರ ಹೊತ್ತಿಗೆ ಪರದೆಯ ಸಂದಿಯಿಂದ ಬಿಸಿಲ ಕೋಲೊಂದು ನೇರ ನೀರೊಳಗೆ ಇಳಿಯುತ್ತಿತ್ತು. ಫೋಟೋ ಚೆನ್ನಾಗಿ ಬರುತ್ತದೆಂದು ತೊಟ್ಟಿಯನ್ನು ಅಲ್ಲಿಟ್ಟವನು ನಾನೇ. ಮೀನಿಗೆ ರೆಪ್ಪೆಯಿಲ್ಲ. ಹೆಚ್ಚಿನ ಮೀನುಗಳು ನಮ್ಮ ಹಾಗೆ ಕಣ್ಣಿನ ಪಾಪೆಯನ್ನು ಕಿರಿದು ಮಾಡಿಕೊಳ್ಳಲಾರವು. ಬೆಳಕು ಚುಚ್ಚಿದರೆ ಅದಕ್ಕಿರುವ ದಾರಿ ಒಂದೇ, ನೆರಳಿಗೆ ಹೋಗುವುದು. ಬಿಸಿಯೂ ಹಾಗೇ. ಮೀನಿನ ಮೈ ಸುತ್ತಲಿನ ನೀರಿನಷ್ಟೇ ಬಿಸಿ, ಅಷ್ಟೇ ತಂಪು. ನಾವು ಬೆವರುತ್ತೇವೆ, ಫ್ಯಾನ್ ಹಾಕಿಕೊಳ್ಳುತ್ತೇವೆ. ಅದು ಜಾಗ ಬದಲಿಸುತ್ತದೆ. ಸೋಂಕು ತಗುಲಿದ ಮೀನು ಬೇಕೆಂದೇ ಬೆಚ್ಚಗಿನ ನೀರಿಗೆ ಹೋಗಿ ನಿಂತು ಮೈಗೆ ಜ್ವರ ಬರಿಸಿಕೊಳ್ಳುತ್ತದೆ ಎಂಬುದನ್ನು 1976ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ನಮ್ಮೂರ ಮೇ ತಿಂಗಳಲ್ಲಿ ಆ ಸೌಕರ್ಯಕ್ಕೆ ಮೀನು ಎಲ್ಲಿಗೂ ಹೋಗಬೇಕಿಲ್ಲ.

ಬಿಸಿಯ ಜೊತೆ ಇನ್ನೊಂದು ಕಷ್ಟ ಬರುತ್ತದೆ, ಅದು ಕಣ್ಣಿಗೆ ಕಾಣದು. ನೀರು ಕಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಹೆಚ್ಚೆಂದರೆ 9 ಮಿಲಿಗ್ರಾಂ ಹಿಡಿದೀತು. 35 ಡಿಗ್ರಿಯಲ್ಲಿ 7 ಮಿಲಿಗ್ರಾಂ. ನಾವು ಉಸಿರಾಡುವ ಗಾಳಿಯಲ್ಲಿ ಲೀಟರಿಗೆ ಇದರ ಮೂವತ್ತು ಪಟ್ಟಿಗೂ ಹೆಚ್ಚು ಇರುತ್ತದೆ ಎಂದರೆ ಮೀನಿನ ಬದುಕು ಎಷ್ಟು ಕೈಬಿಗಿಯಲ್ಲಿ ನಡೆಯುತ್ತದೆಂದು ಗೊತ್ತಾದೀತು. ಇತ್ತ ನೀರಿನಲ್ಲಿ ಸರಕು ಇಳಿಯುತ್ತಿದ್ದರೆ ಅತ್ತ ಮೀನಿನ ಖರ್ಚು ಏರುತ್ತದೆ. ಕಾದ ನೀರಿನಲ್ಲಿ ಅದರ ಮೈಯ ಒಲೆ ಜೋರಾಗಿ ಉರಿಯುತ್ತದೆ, 10 ಡಿಗ್ರಿ ಏರಿದರೆ ಬೇಡಿಕೆ ಸುಮಾರು ಇಮ್ಮಡಿಯಾಗುತ್ತದೆ. ಆಗ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆಯುತ್ತವೆ. ಗಾಳಿಯ ಆಮ್ಲಜನಕ ನೀರಿಗಿಳಿಯುವುದು ಮೇಲ್ಮೈಯಿಂದ, ಹಾಗಾಗಿ ಕೂದಲೆಳೆಯಷ್ಟು ತೆಳುವಾದ ಮೇಲಿನ ಪದರದಲ್ಲಿ ಒಂದಿಷ್ಟು ಹೆಚ್ಚು ಉಸಿರು ಸಿಗುತ್ತದೆ. ಪಂಪಿನ ಗುಳ್ಳೆಗಳೇ ನೀರಿಗೆ ಗಾಳಿ ತುಂಬುತ್ತವೆಂದು ನಾನು ನಂಬಿದ್ದೆ. ಗುಳ್ಳೆಗಳ ದೊಡ್ಡ ಕೆಲಸ ಮೇಲ್ಮೈಯನ್ನು ಕಲಕುತ್ತಲೇ ಇರುವುದು.

ಹಿರಿಯರು ಇಷ್ಟೆಲ್ಲ ಹೇಳಲಿಲ್ಲ. ಅವರ ಎರಡನೆಯ ಮಾತು, “ಇದರ ಸೆಳವು ಎಲ್ಲಿಂದ ಎಲ್ಲಿಗೆ?”

ತೊಟ್ಟಿಗೂ ಸೆಳವಿರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ಬಲಗಡೆ ಹಚ್ಚಿದ ಫಿಲ್ಟರ್ ನೀರನ್ನು ಮುಂದಿನ ಗಾಜಿನುದ್ದಕ್ಕೂ ದೂಡುತ್ತದೆ, ಅದು ಎಡಗೋಡೆಗೆ ಬಡಿದು ಕೆಳಗಿಳಿದು ಹಿಂತಿರುಗುತ್ತದೆ. ಒಂದು ಚಿಟಿಕೆ ಆಹಾರದ ಪುಡಿ ಉದುರಿಸಿ ನೋಡಿದೆವು. ಪುಡಿ ಸುತ್ತು ಹೊಡೆಯಿತು, ಹಿಂಬದಿಯ ಎಡಮೂಲೆಯಲ್ಲಿ ಗಿಡದ ಮರೆಗೆ ಬಂದದ್ದು ಮಾತ್ರ ಅಲುಗಾಡದೆ ನಿಂತಿತು. ಹಿರಿಯರು ನಕ್ಕರು. “ಮಡು ಅಲ್ಲೈತಿ ನೋಡ್ರಿ.”

ದೇವದುರ್ಗದ ಕಡೆ ಕೃಷ್ಣೆ ಬಂಡೆಗಲ್ಲುಗಳ ನಡುವೆ ಹಾಯುತ್ತಾಳೆ. ಬೇಸಿಗೆಯಲ್ಲಿ ಹೊಳೆ ಸೊರಗಿ ಆಳವಾದ ಕಡೆಗಳಲ್ಲಷ್ಟೇ ನೀರು ನಿಲ್ಲುತ್ತದೆ. ಅವೇ ಮಡುಗಳು. ಮೀನೆಲ್ಲ ಅಲ್ಲಿ ಸೇರುತ್ತದೆ, ಮೀನು ಸೇರಿದಲ್ಲಿಗೆ ಮೊಸಳೆಯೂ ಬರುತ್ತದೆ, ಬಲೆಯವರು ಎರಡನ್ನೂ ಲೆಕ್ಕದಲ್ಲಿಟ್ಟುಕೊಂಡೇ ನೀರಿಗಿಳಿಯುತ್ತಾರೆ. ಹೊಳೆ ತುಂಬಿ ಹರಿಯುವಾಗಲಾದರೂ ಮೀನು ಎಲ್ಲೆಂದರಲ್ಲಿ ಇರುತ್ತದೆಯೇ ಎಂದರೆ, ಇಲ್ಲ. ಸೆಳವಿಗೆ ಮುಖಮಾಡಿ ಬಂಡೆಯ ಹಿಂದಿನ ಮರೆಯಲ್ಲಿ ನಿಲ್ಲುತ್ತದೆ. ಅಲ್ಲಿ ಈಜುವ ಶ್ರಮವಿಲ್ಲ, ಪಕ್ಕದಲ್ಲೇ ರಭಸದ ನೀರು ಹುಳ ಹುಪ್ಪಡಿ ಹೊತ್ತು ತರುತ್ತಿರುತ್ತದೆ, ಕತ್ತು ಚಾಚಿದರೆ ಊಟ. “ಮಿರ್ಚಿ ಬಂಡಿ ರೋಡಿನ ನಡುವ ಹಚ್ಚತಾರೇನ್ರಿ? ಮಗ್ಗಲಾಗ ಹಚ್ಚತಾರ” ಎಂದು ಹಿರಿಯರು ಇದನ್ನು ಒಂದೇ ಮಾತಿನಲ್ಲಿ ಮುಗಿಸಿದರು. ಮೀನಿನ ಹೆಜ್ಜೆ ಯಾರಿಗೂ ಸಿಗದು ಎನ್ನುತ್ತಾರೆ. ಹೆಜ್ಜೆ ಸಿಗದಿದ್ದರೇನು, ನಿಲ್ಲುವ ಜಾಗ ಗೊತ್ತಿದ್ದರೆ ಬಲೆಗೆ ಸಾಕು.

ಏಂಜೆಲ್ ಮೀನಿನ ತವರು ಅಮೆಜಾನ್ ಸೀಮೆಯ ಮಂದ ನೀರು. ಎಲೆಯಂತೆ ಚಪ್ಪಟೆ ಮೈ, ಮೇಲೆ ಕೆಳಗೆ ಉದ್ದದ ರೆಕ್ಕೆ, ಮೈಮೇಲೆ ನಿಲುಗೆರೆ. ನೀರಿಗೆ ಬಗ್ಗಿದ ಕೊಂಬೆ, ಬೇರು, ಜೊಂಡುಗಳ ನಡುವೆ ಗುರುತು ಸಿಗದಂತೆ ನಿಲ್ಲಲು ಹೇಳಿ ಮಾಡಿಸಿದ ರೂಪ. ಫಿಲ್ಟರಿನ ಸೆಳವಿಗೆ ಸಿಕ್ಕರೆ ಗಾಳಿಗೆ ಸಿಕ್ಕ ಕಾಗದದ ಹಾಗೆ ಓಲಾಡುತ್ತದೆ. ಮೀನಿನ ಮೈಯ ಎರಡೂ ಪಕ್ಕ ತಲೆಯಿಂದ ಬಾಲದ ತನಕ ಚುಕ್ಕೆ ಚುಕ್ಕೆಯ ಗೆರೆಯೊಂದು ಕಾಣುತ್ತದಲ್ಲ, ಅದು ಅಲಂಕಾರಕ್ಕಿರುವುದಲ್ಲ. ನೀರಿನ ಅತಿ ಸಣ್ಣ ಅಲುಗಾಟವನ್ನೂ ಮೀನು ಅದರಿಂದಲೇ ತಿಳಿಯುತ್ತದೆ. ನಮಗೆ ಗುಂಯ್ ಎನ್ನುವ ಫಿಲ್ಟರು ಅದಕ್ಕೆ ಮೈಗೇ ತಾಗುತ್ತದೆ. ಮೇಲಾಗಿ ನೀರಿನಲ್ಲಿ ಸದ್ದು ಸೆಕೆಂಡಿಗೆ 1,500 ಮೀಟರ್ ಓಡುತ್ತದೆ, ಗಾಳಿಯಲ್ಲಿ ಓಡುವುದರ ನಾಲ್ಕು ಪಟ್ಟಿಗೂ ಹೆಚ್ಚು. ಗಾಜಿಗೆ ಬೆರಳು ಬಡಿಯುವ ಅತಿಥಿಗಳು ಇದನ್ನು ಓದಿದರೆ ಒಳ್ಳೆಯದು.

ಆದರೆ ಎಲ್ಲ ಮೀನಿಗೂ ಮಡುವೇ ಬೇಕು ಎಂದಲ್ಲ. ಮಾನ್ವಿಯ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಂಬಿ ಕೆರೆ ತೋಡಿಸಿದ ಗೆಳೆಯರೊಬ್ಬರಿದ್ದಾರೆ. ಕಾಲುವೆಯ ಕೊನೆಭಾಗಕ್ಕೆ ನೀರು ಮುಟ್ಟಿದ ವರ್ಷ ಮೀನು, ಮುಟ್ಟದ ವರ್ಷ ಬರೀ ತಗ್ಗು. ಅವರ ಕೆರೆಯಲ್ಲಿ ಕಾಟ್ಲಾ, ರೋಹು, ಮೃಗಾಲ ಒಟ್ಟಿಗೇ ಬೆಳೆಯುತ್ತವೆ. ಮೂರಂತಸ್ತಿನ ಮನೆ ಎಂದು ಅವರು ಹೇಳುವುದು. ಕಾಟ್ಲಾದ ದೊಡ್ಡ ತಲೆಯಲ್ಲಿ ಬಾಯಿ ಮೇಲ್ಮುಖವಾಗಿದೆ, ಮೇಲಿನ ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹೀರಿ ಬದುಕುತ್ತದೆ. ಜಾಲರಿನಂಥ ತುಟಿಯ ರೋಹು ನಡುಮನೆಯಲ್ಲಿ. ಮೃಗಾಲದ ಬಾಯಿ ಕೆಳಕ್ಕೆ ಬಾಗಿದೆ, ತಳದ ಕೆಸರಿನಲ್ಲಿ ಕೊಳೆತದ್ದನ್ನು ಕೆದಕಿ ತಿನ್ನುತ್ತದೆ. ಒಂದರ ತಾಟಿಗೆ ಇನ್ನೊಂದು ಕೈ ಹಾಕುವುದಿಲ್ಲವೆಂದೇ ಮೂರನ್ನೂ ಕೂಡಿಸಿ ಬಿಡುವುದು. ಮೀನಿನ ಬಾಯಿ ನೋಡಿದರೆ ಅದರ ಅಂತಸ್ತು ಹೇಳಬಹುದು. ಸುತ್ತಲ ಕ್ಯಾಂಪುಗಳ ಆಂಧ್ರ ರೈತರಿಂದ ಕಲಿತು ಇವರೂ ತೂತು ಮಾಡಿದ ಚೀಲಗಳಲ್ಲಿ ತೌಡು, ಹಿಂಡಿ ತುಂಬಿ ಬಿದಿರ ಗಳುವಿಗೆ ಕಟ್ಟುತ್ತಾರೆ. ಚೀಲ ಕಟ್ಟಿದಲ್ಲೇ ಜಾತ್ರೆ, ಕೆರೆಯ ಉಳಿದ ಭಾಗವೆಲ್ಲ ಭಣಭಣ.

ಅವರಿಗೆ ನಿದ್ದೆಗೆಡಿಸುವುದು ನಸುಕು. ಹಗಲೆಲ್ಲ ಪಾಚಿ ಬಿಸಿಲುಂಡು ನೀರಿಗೆ ಆಮ್ಲಜನಕ ಕೊಡುತ್ತದೆ. ಕತ್ತಲಾದ ಮೇಲೆ ಪಾಚಿಯೂ ಮೀನಿನ ಜೊತೆ ಪಂಕ್ತಿಗೆ ಕೂತು ಅದನ್ನೇ ಉಣ್ಣುತ್ತದೆ. ರಾತ್ರಿಯಿಡೀ ಖರ್ಚಾಗಿ, ಬೆಳಗಿನ ಜಾವದ ಹೊತ್ತಿಗೆ ಗಲ್ಲಾಪೆಟ್ಟಿಗೆ ಬರಿದು. ಮೋಡ ಮುಸುಕಿದ ದಿನದ ಮರುದಿನವಂತೂ ಕೇಳಲೇಬೇಡಿ. ತಳದ ಮೃಗಾಲವೂ ಮೇಲೆ ಬಂದು ಬಾಯಿ ತೆರೆದರೆ ಮನೆಯವರೆಲ್ಲ ಎದ್ದು ಮೋಟರ್ ಹಚ್ಚಿ ನೀರನ್ನು ಮೇಲಿಂದ ಕೆರೆಗೆ ಹೊಯ್ಯಬೇಕು. ಮೂರಂತಸ್ತಿನವರೂ ಮಾಳಿಗೆಗೆ ಬಂದು ನಿಂತಿದ್ದಾರೆ ಎಂದರೆ ಮನೆಗೆ ಬೆಂಕಿ ಬಿದ್ದಿದೆ ಎಂದೇ ಅರ್ಥ ಎನ್ನುತ್ತಾರೆ ಅವರು.

ನಮ್ಮ ತೊಟ್ಟಿಯ ಮಾಳಿಗೆಯವರು ಗಪ್ಪಿಗಳು. ಪಂಪು ನಡೆಯಲಿ ನಿಲ್ಲಲಿ, ಅವು ಮೇಲೆಯೇ ಸುಳಿಯುತ್ತವೆ. ಮಲೇರಿಯಾ, ಡೆಂಗಿ ಕಾಲದಲ್ಲಿ ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗಳಿಗೆ ಬಿಡುವುದು ಇವನ್ನೇ, ಇಲ್ಲವೇ 1928ರಲ್ಲಿ ನಮ್ಮ ದೇಶಕ್ಕೆ ತಂದ ಗ್ಯಾಂಬೂಸಿಯಾವನ್ನು. ಸೊಳ್ಳೆಯ ಮರಿಹುಳ ಉಸಿರಾಟಕ್ಕೆ ನೀರಿನ ಮೇಲ್ಮೈಗೇ ಬರಬೇಕು. ಡೆಂಗಿ ಸೊಳ್ಳೆಯದು ತಲೆಕೆಳಗಾಗಿ ಜೋತುಬೀಳುತ್ತದೆ, ಮಲೇರಿಯಾ ಸೊಳ್ಳೆಯದು ನೀರಿಗೆ ಸಮನಾಗಿ ಮಲಗುತ್ತದೆ. ಮೇಲೆ ತೆರೆದ ಬಾಯಿಯ ಮೀನು, ಅದೇ ಎತ್ತರದಲ್ಲಿ ತೂಗುವ ಹುಳ. ಮೀನು ತಳದ್ದಾಗಿದ್ದರೆ ಇಲಾಖೆಯ ಈ ಉಪಾಯ ನಡೆಯುತ್ತಿರಲಿಲ್ಲ. ಗ್ಯಾಂಬೂಸಿಯಾ ಹೊಕ್ಕಲ್ಲಿ ಊರಿನ ಸಣ್ಣ ಮೀನುಗಳ ಮೊಟ್ಟೆ ಮರಿಗಳೂ ಉಳಿಯುವುದಿಲ್ಲ ಎಂಬುದು ಇದರ ಇನ್ನೊಂದು ಮಗ್ಗುಲು. ನಾವು ಹುಡುಗರಿದ್ದಾಗ ಕಾಲುವೆಯಂಚಿನಲ್ಲಿ, ನೆತ್ತಿಯ ಮೇಲೆ ಬೆಳ್ಳಿ ಚುಕ್ಕೆ ಹೊತ್ತ ಮೀನುಗಳು ಮೇಲೆಯೇ ತೇಲುತ್ತಿದ್ದವು. ಸೊಳ್ಳೆಹುಳ ತಿನ್ನುವುದಕ್ಕೆ ಅವೂ ಗಟ್ಟಿಗವೇ.

ಹಿರಿಯರ ಮೂರನೆಯ ಪ್ರಶ್ನೆ ಹೊರಡುವ ಹೊತ್ತಿಗೆ ಬಂತು. “ಇವ್ರಾಗ ರೌಡಿ ಯಾರು?”

ಮಗಳು ತಡಮಾಡದೆ ಟೈಗರ್ ಬಾರ್ಬ್ ತೋರಿಸಿದಳು. ಅವಳು ನೋಡಿದ್ದಳು, ನಾನು ನೋಡಿರಲಿಲ್ಲ. ಏಂಜೆಲ್‌ಗಳ ಉದ್ದನೆಯ ರೆಕ್ಕೆಯ ತುದಿ ಹರಿದು ಗರಗಸದಂತಾಗಿತ್ತು. ಟೈಗರ್ ಬಾರ್ಬ್ ಗುಂಪಿನಲ್ಲಿ ಬದುಕುವ ಮೀನು. ಆರೇಳಾದರೂ ಒಟ್ಟಿಗಿದ್ದರೆ ಅವುಗಳ ಓಡಾಟ, ಕಾದಾಟ, ಹಿರಿಕಿರಿತನ ಎಲ್ಲ ಅವುಗಳೊಳಗೇ ತೀರುತ್ತದೆ. ಎರಡೇ ಇದ್ದರೆ ಮಾಡಲು ಕೆಲಸವಿಲ್ಲದೆ ಕಂಡವರ ಸೆರಗು ಎಳೆಯುತ್ತವೆ. ಜೋಡಿ ಸಾಕು, ಮುದ್ದಾಗಿವೆ ಎಂದು ಎರಡೇ ತಂದದ್ದು ಕೂಡ ನಾನೇ.

ಕಚ್ಚಿಸಿಕೊಂಡ ಮೀನಿನ ಸಂಕಟ ಬೇರೆ ಮೀನಿಗೆ ಹೇಗೆ ತಿಳಿಯುತ್ತದೆ ಎಂಬುದರ ಹಿಂದೊಂದು ಸ್ವಾರಸ್ಯವಿದೆ. ಜೇನುಹುಳದ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್ ಅದಕ್ಕೂ ಎಷ್ಟೋ ಮೊದಲು, 1938ರಲ್ಲಿ, ಮಿನ್ನೋ ಎಂಬ ಸಣ್ಣ ಮೀನುಗಳ ನಡುವೆ ಗಾಯಗೊಂಡ ಒಂದನ್ನು ಬಿಟ್ಟು ನೋಡಿದ್ದ. ಉಳಿದವು ಬೆದರಿ ಓಡಿಹೋದವು. ಗಾಯದ ಚರ್ಮದಿಂದ ನೀರಿಗೆ ಸೇರುವ ವಸ್ತುವೊಂದು ಅಪಾಯದ ಸುದ್ದಿ ಸಾರುತ್ತದೆಂದು ಆತ ಕಂಡುಕೊಂಡ. ಬಾರ್ಬ್, ರೋಹು, ಜೀಬ್ರಾ ಮೀನು ಎಲ್ಲ ಆ ಮಿನ್ನೋದ ಬಳಗವೇ. ಹೊಳೆಯಲ್ಲಾದರೆ ಸುದ್ದಿ ಬಂದ ಮೇಲೆ ಓಡಿಹೋಗಲು ಹೊಳೆಯೇ ಇದೆ. ಎರಡೂವರೆ ಕ್ಯಾನ್ ನೀರಿನಲ್ಲಿ ಎಲ್ಲಿಗೆ ಓಡುವುದು?

ಮರುದಿನ ತೊಟ್ಟಿಯನ್ನು ಒಳಗೋಡೆಗೆ ಸರಿಸಿದೆ. ಪೂರ್ತಿ ಖಾಲಿ ಮಾಡಿದರೆ ಮೀನಿಗೆ ಮತ್ತೆ ಹೊಸ ನೀರಿನ ಕಾಟ, ಅದಕ್ಕೇ ಮುಕ್ಕಾಲು ನೀರನ್ನು ಬಕೆಟ್ಟುಗಳಲ್ಲಿ ಎತ್ತಿಟ್ಟು ಅದನ್ನೇ ತಿರುಗಿ ತುಂಬಿದೆವು. ಕಡಿಮೆ ಬಿದ್ದಷ್ಟಕ್ಕೆ ನಳದ ನೀರನ್ನು ಒಂದು ದಿನ ಬಾಯಿ ತೆರೆದಿಟ್ಟು ಕ್ಲೋರಿನ್ ಹಾರಿಸಿ ಹಾಕಿದ್ದಾಯಿತು. ಬೋರಿನ ಸವಳು ನೀರನ್ನು ಮುಟ್ಟಲಿಲ್ಲ. ಫಿಲ್ಟರಿನ ಬಾಯಿಯನ್ನು ಗೋಡೆಯ ಕಡೆ ತಿರುಗಿಸಿದೆ. ಕೋಟೆ ತೆಗೆದು ಅಲ್ಲಿ ನಿಜವಾದ ಹಸಿರು ಗಿಡ ನೆಟ್ಟೆ. ಬಾರ್ಬ್‌ಗಳನ್ನು ಅಂಗಡಿಗೆ ಮರಳಿಸಿದೆ, ದುಡ್ಡು ಮರಳಲಿಲ್ಲ. ಬೇಡವಾದ ಮೀನನ್ನು ಕಾಲುವೆಗೆ ಬಿಟ್ಟು ಕೈತೊಳೆದುಕೊಳ್ಳುವ ಪುಣ್ಯವಂತರಿದ್ದಾರೆ. ನಮ್ಮ ಸಕ್ಕರ್ ಇದೆಯಲ್ಲ, ಅದರ ಬಳಗ ಹೀಗೆಯೇ ಮನೆಗಳಿಂದ ತಪ್ಪಿಸಿಕೊಂಡು ಆಂಧ್ರ, ತೆಲಂಗಾಣದ ನೀರುಗಳಲ್ಲಿ ಬೆಳೆದು, ಮುಳ್ಳು ಮೈಯಿಂದ ಬಲೆ ಹರಿದು, ಅಲ್ಲಿನ ಮೀನುಗಾರರಿಂದ ದೆವ್ವದ ಮೀನು ಎಂಬ ಬಿರುದು ಪಡೆದಿದೆ.

ಎಂಟು ಹತ್ತು ದಿನಕ್ಕೆ ಏಂಜೆಲ್ ಒಂದು ಗಿಡದ ಮರೆಯಿಂದ ಅರ್ಧ ಮೈ ಹೊರಗಿಟ್ಟಿತು. ಮತ್ತೆರಡು ದಿನಕ್ಕೆ ಇನ್ನೊಂದು. ಈಗ ಇಡೀ ತೊಟ್ಟಿ ಅವುಗಳದು. ಅದರಲ್ಲೂ ಬೆಳಿಗ್ಗೆ ಎಂಟಕ್ಕೆ ಮುಂಬದಿಯ ಬಲಮೂಲೆಯಲ್ಲಿ ಎಲ್ಲವೂ ಹಾಜರ್, ಮಗಳು ಡಬ್ಬಿ ಹಿಡಿದು ಬರುವುದು ಆ ಕಡೆಯಿಂದ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆಯ ಮೆಟ್ಟಿಲ ಬಳಿ ದೊಡ್ಡ ದೊಡ್ಡ ಮೀನುಗಳು ಮೈಗೆ ಮೈ ಹತ್ತಿ ಕಾಯುವುದನ್ನು ನೋಡಿದ್ದೇನೆ, ಶೃಂಗೇರಿಯ ತುಂಗೆಯಲ್ಲೂ ಹಾಗೇ. ಹೊಳೆ ಅಷ್ಟುದ್ದ ಇದ್ದರೂ ಮಂಡಾಳು ಬೀಳುವ ಆ ನಾಲ್ಕು ಮಾರಿನಲ್ಲೇ ಅವುಗಳ ಸಂಸಾರ. ನಮ್ಮ ಏಂಜೆಲ್‌ಗಳೂ ಆ ಮಟ್ಟಿಗೆ ಭಕ್ತರಾದವು.

ಮೊನ್ನೆ ಭಾನುವಾರ ಎರಡರ ಸುಮಾರಿಗೆ ಕರೆಂಟ್ ಹೋಯಿತು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳು ಎಷ್ಟು ಹತ್ತಿರವಿದ್ದರೇನು, ಹೋಗುವ ಕರೆಂಟು ಹೋಗಿಯೇ ಹೋಗುತ್ತದೆ. ಇನ್ವರ್ಟರಿಗೆ ಪಂಪು ಜೋಡಿಸಿರಲಿಲ್ಲ. ಗೋಡೆಗೆ ಬೆನ್ನು ತಾಗಿಸಿದರೆ ಬೆನ್ನು ಸುಡುತ್ತಿತ್ತು. ಮೂರೂವರೆಗೆ ಮಗಳು ಕೂಗಿದಳು, “ಅಪ್ಪಾ, ಮೀನು ಮಾತಾಡಾಕತ್ಯಾವ.” ಹೋಗಿ ನೋಡಿದರೆ ಏಂಜೆಲ್‌ಗಳು ಮೇಲೆ, ಯಾವತ್ತೂ ಅಷ್ಟು ಮೇಲೆ ಬಾರದ ಸಕ್ಕರ್ ಕೂಡ ಗಾಜಿನಗುಂಟ ಏರಿ ಮೇಲೆ, ಎಲ್ಲವೂ ಬಾಯಿ ತೆರೆದು ಮುಚ್ಚುತ್ತಿವೆ. ಮಾನ್ವಿಯ ಗೆಳೆಯ ನೆನಪಾದ. ಹಿತ್ತಾಳೆ ಚೊಂಬು ತಂದು ತೊಟ್ಟಿಯ ನೀರನ್ನೇ ಎತ್ತಿ, ಒಂದು ಮೊಳ ಮೇಲಿನಿಂದ ಸಣ್ಣಗೆ ಸುರಿಯತೊಡಗಿದೆ. ನೂರು ಚೊಂಬಿನ ಹೊತ್ತಿಗೆ ಕೈ ಸೋತಿತು. ಚೊಂಬನ್ನು ಮಗಳು ತೆಗೆದುಕೊಂಡಳು, ಆಮೇಲೆ ಅವಳ ತಾಯಿ. ನಾಲ್ಕೂಕಾಲಿಗೆ ಫ್ಯಾನ್ ತಿರುಗಿತು, ಓಣಿಯ ಮಕ್ಕಳೆಲ್ಲ ಹೋ ಎಂದರು, ಪಂಪು ಗುಳ್ಳೆ ಬಿಟ್ಟಿತು.

ಸಕ್ಕರ್ ಮೊದಲು ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಏಂಜೆಲ್‌ಗಳೆರಡೂ ಓರೆಯಾಗಿ ಇಳಿದು ಗಿಡದ ಪಕ್ಕಕ್ಕೆ ಬಂದವು. ಗಪ್ಪಿಗಳು ಇನ್ನೂ ಮೇಲೆಯೇ ಇದ್ದವು. ಅವಕ್ಕೆ ಇನ್ನೂ ಉಸಿರು ಸಾಲುತ್ತಿಲ್ಲವೇನೋ ಎಂದು ಮಗಳು ಮತ್ತೆ ಚೊಂಬು ಎತ್ತಿದಳು. ಸಾಕು ಬಿಡು, ಅವುಗಳ ಮನೆಯೇ ಅಲ್ಲಿ ಎಂದೆ.